ಕಾಲು ಸರಿಯಾಗೇ ಬಿತ್ತು, ಆದರೂ ಮಿಸ್ ಯಾಕೆ?

ಹೋದ ಬೇಸಿಗೆ ರಜೆಗೆ ಅಕ್ಕನ ಮಗಳು ದಾವಣಗೆರೆಗೆ ಬಂದಿದ್ದಳು. ಹನ್ನೊಂದು ವರ್ಷದ ಹುಡುಗಿ. ನಮ್ಮೂರಿನ ಏಪ್ರಿಲ್ ಬಿಸಿಲು ಗೊತ್ತಲ್ವಾ, ಬೆಳಿಗ್ಗೆ ಹತ್ತು ದಾಟಿದರೆ ಮಕ್ಕಳನ್ನು ಹೊರಗೆ ಬಿಡೋ ಹಾಗಿಲ್ಲ. ಅದಕ್ಕೇ ನನ್ನ ಡ್ಯಾನ್ಸ್ ಪ್ಯಾಡ್, ಅಂದರೆ ಹಾಡಿನ ತಾಳಕ್ಕೆ ಕಾಲಿಂದ ಬಾಣ ತುಳಿದು ಆಡುವ ವಿಡಿಯೊ ಗೇಮಿನ ಚಾಪೆ, ತೆಗೆದು ಹಾಲ್‌ನಲ್ಲಿ ಹಾಸಿ, ಲ್ಯಾಪ್‌ಟಾಪನ್ನು ಟಿವಿಗೆ ಜೋಡಿಸಿ ಕೊಟ್ಟೆ. ಎರಡೇ ಹಾಡಿಗೆ ಅವಳ ಮುಖ ಸಣ್ಣದಾಯ್ತು. "ಮಾಮಾ, ನಾನು ಕರೆಕ್ಟಾಗೇ ತುಳಿದೆ. ಅದು ಮಿಸ್ ಅಂತಿದೆ."

ನಾನು ಟಿವಿ ಬಿಟ್ಟು ಅವಳ ಕಾಲನ್ನೇ ನೋಡಿದೆ. ಅವಳು ಹೇಳಿದ್ದು ನಿಜ. ಹಾಡಿನ ತಾಳಕ್ಕೆ ಪಾದ ಸರಿಯಾಗೇ ಬೀಳುತ್ತಿತ್ತು. ಈ ಆಟ ಮನೆಯಲ್ಲಿ ಶುರು ಮಾಡಿದ ಎಷ್ಟೋ ಜನ ಇದೇ ಜಾಗದಲ್ಲಿ ನಿಂತು "ನನಗೆ ತಾಳಜ್ಞಾನ ಇಲ್ಲ" ಅಂತ ಪ್ಯಾಡ್ ಸುತ್ತಿ ಅಟ್ಟಕ್ಕೆ ಹಾಕಿಬಿಡುತ್ತಾರೆ. ನನಗೆ ಇದು ತುಂಬಾ ಬೇಜಾರಿನ ವಿಷಯ. ಯಾಕೆಂದರೆ ಬಹಳ ಸಲ ತಪ್ಪಿರುವುದು ಕಾಲಿನಲ್ಲಲ್ಲ, ಟಿವಿ, ಸ್ಪೀಕರ್, ಪ್ಯಾಡ್ ಈ ಮೂರರಲ್ಲಿ ಎಲ್ಲೋ ಒಂದು ಕಡೆ. ಅದನ್ನು ಹುಡುಕುವುದು ಹೇಗೆ ಅಂತ ಹೇಳೋಕೇ ಇದನ್ನು ಬರೆಯುತ್ತಿದ್ದೇನೆ.

ಆಟ ಗೊತ್ತಿಲ್ಲದವರಿಗೆ ಮೊದಲು ಒಂದೆರಡು ಮಾತು. ಜಪಾನಿನ ಕೊನಾಮಿ ಕಂಪನಿ 1998ರಲ್ಲಿ ಡ್ಯಾನ್ಸ್ ಡ್ಯಾನ್ಸ್ ರೆವಲ್ಯೂಷನ್ ಎಂಬ ಆಟದ ಯಂತ್ರವನ್ನು ಆರ್ಕೇಡ್‌ಗಳಿಗೆ, ಅಂದರೆ ದುಡ್ಡು ಕೊಟ್ಟು ಆಡುವ ಗೇಮ್ ಅಂಗಡಿಗಳಿಗೆ, ತಂದಿತು. ನೆಲದ ಮೇಲೆ ನಾಲ್ಕು ಬಾಣ: ಎಡ, ಕೆಳಗೆ, ಮೇಲೆ, ಬಲ. ಪರದೆಯ ಮೇಲೆ ಅದೇ ನಾಲ್ಕು ಬಾಣಗಳು ಕೆಳಗಿಂದ ಏರಿ ಬರುತ್ತವೆ. ಮೇಲೆ ನಿಂತಿರುವ ನಾಲ್ಕು ಗುರುತುಗಳನ್ನು ಅವು ಮುಟ್ಟುವ ಕ್ಷಣಕ್ಕೆ ನೀವು ನೆಲದ ಬಾಣ ತುಳಿಯಬೇಕು. ಮರುವರ್ಷವೇ ಪ್ಲೇಸ್ಟೇಷನ್‌ಗೆ ಮನೆಯಲ್ಲಿ ಆಡುವ ಆವೃತ್ತಿ ಬಂತು, ಕೊರಿಯಾದವರು ಪಂಪ್ ಇಟ್ ಅಪ್ ಅಂತ ಐದು ಗುಂಡಿಯ ಆಟ ತಂದರು. ಇವತ್ತು ನಮ್ಮಂಥವರು ಮನೆಯಲ್ಲಿ ಆಡುವುದು ಹೆಚ್ಚಾಗಿ ಸ್ಟೆಪ್‌ಮೇನಿಯಾ, ಇಲ್ಲವೇ ಅದರಿಂದಲೇ ಹುಟ್ಟಿದ ಐಟಿಜಿಮೇನಿಯಾ. ಎರಡೂ ಉಚಿತ. ಸಾಧಾರಣ ಲ್ಯಾಪ್‌ಟಾಪ್ ಸಾಕು.

ಈಗ ಮುಖ್ಯ ವಿಷಯ, ಅಂದರೆ ಆಟ ನಿಮಗೆ ಎಷ್ಟು ಸಮಯ ಕೊಡುತ್ತದೆ ಅನ್ನೋದು. ಸ್ಟೆಪ್‌ಮೇನಿಯಾದಲ್ಲಿ ಅತಿ ಒಳ್ಳೆಯ ಅಂಕ ಬೇಕಾದರೆ ಬಾಣದ ಕ್ಷಣಕ್ಕಿಂತ ಸುಮಾರು 23 ಮಿಲಿಸೆಕೆಂಡ್ ಹಿಂದೆ ಅಥವಾ ಮುಂದೆ, ಅಷ್ಟರೊಳಗೆ ತುಳಿದಿರಬೇಕು. ಸುಮಾರು 45ರ ಒಳಗೆ ಬಿದ್ದರೆ ಎರಡನೇ ದರ್ಜೆ. ಹೀಗೇ ಅಗಲವಾಗುತ್ತಾ ಹೋಗಿ, 180ರ ಹತ್ತಿರ ದಾಟಿದರೆ ಮಿಸ್. ಒಂದು ಸೆಕೆಂಡಿಗೆ 1000 ಮಿಲಿಸೆಕೆಂಡ್. ನಾವು ಒಂದು ಸಲ ಕಣ್ಣು ಮಿಟುಕಿಸಲೂ 100ಕ್ಕಿಂತ ಜಾಸ್ತಿ ಬೇಕು. ಅಷ್ಟು ಸಣ್ಣ ಕಿಂಡಿಯಲ್ಲಿ ಪಾದ ಇಡೋಕೆ ಮನುಷ್ಯರಿಂದ ಆಗುತ್ತಾ ಅಂದರೆ, ಆಗುತ್ತದೆ. ಡೊಳ್ಳಿನ ಪೆಟ್ಟಿಗೆ ಹೆಜ್ಜೆ ಹಾಕುವವರು ಬಾರಿಸುವವನ ಕೈ ನೋಡಿಕೊಂಡು ಹೆಜ್ಜೆ ಇಡುವುದಿಲ್ಲ. ಮುಂದಿನ ಪೆಟ್ಟು ಯಾವಾಗ ಬೀಳುತ್ತದೆ ಅಂತ ಮೈಗೆ ಮೊದಲೇ ಗೊತ್ತಿರುತ್ತದೆ. ಇಲ್ಲೂ ಅಷ್ಟೇ.

ತೊಂದರೆ ಇರುವುದು ಬೇರೆ ಕಡೆ. ಆರ್ಕೇಡ್ ಯಂತ್ರದಲ್ಲಿ ಪರದೆ, ಸ್ಪೀಕರ್, ಪ್ಯಾಡ್ ಎಲ್ಲ ಒಂದೇ ಪೆಟ್ಟಿಗೆಯಲ್ಲಿ ಹೊಂದಿಸಿ ಬಂದಿರುತ್ತವೆ. ಮನೆಯಲ್ಲಿ ನಾವು ಒಂದೊಂದನ್ನು ಒಂದೊಂದು ಕಡೆಯಿಂದ ತಂದು ಕೂಡಿಸಿರುತ್ತೇವೆ. ಪ್ರತಿಯೊಂದೂ ತನ್ನ ಪಾಲಿನ ತಡವನ್ನು ಸೇರಿಸುತ್ತದೆ, ಆಟಕ್ಕೆ ಅದು ಗೊತ್ತೇ ಇರುವುದಿಲ್ಲ.

ಸ್ಪೀಕರ್‌ನಿಂದಲೇ ಶುರು ಮಾಡೋಣ, ನಮ್ಮ ಹುಡುಗಿಯ ಕಷ್ಟ ಮೊದಲು ಸಿಕ್ಕಿದ್ದೂ ಅಲ್ಲೇ. ನಾನು ಸದ್ದು ಜೋರಾಗಿರಲಿ ಅಂತ ಷೋಕೇಸಿನ ಮೇಲಿದ್ದ ಬ್ಲೂಟೂತ್ ಸ್ಪೀಕರ್ ಹಾಕಿದ್ದೆ. ಬ್ಲೂಟೂತ್‌ನಲ್ಲಿ ಹಾಡು ನೇರವಾಗಿ ಬರುವುದಿಲ್ಲ. ಲ್ಯಾಪ್‌ಟಾಪ್ ಅದನ್ನು ಸಣ್ಣ ಸಣ್ಣ ಗಂಟು ಕಟ್ಟಿ ಕಳಿಸುತ್ತದೆ, ಸ್ಪೀಕರ್ ಆ ಗಂಟುಗಳನ್ನು ಸ್ವಲ್ಪ ಕೂಡಿಸಿಟ್ಟುಕೊಂಡು ಆಮೇಲೆ ಬಿಚ್ಚಿ ನುಡಿಸುತ್ತದೆ. ಇದಕ್ಕೆ 100ರಿಂದ 200 ಮಿಲಿಸೆಕೆಂಡ್, ಕೆಲವೊಮ್ಮೆ ಇನ್ನೂ ಜಾಸ್ತಿ ಹಿಡಿಯುತ್ತದೆ. ಸುಮ್ನೆ ಹಾಡು ಕೇಳುವಾಗ ಇದು ಗೊತ್ತೇ ಆಗಲ್ಲ. ಆದರೆ ಇಲ್ಲಿ 180ಕ್ಕೆ ಮಿಸ್! ಅವಳು ಕಿವಿಗೆ ಕೇಳಿದ ತಾಳಕ್ಕೆ ಸರಿಯಾಗೇ ತುಳಿಯುತ್ತಿದ್ದಳು, ಆಟದ ಲೆಕ್ಕದಲ್ಲಿ ಆ ತಾಳ ಆಗಲೇ ಕಳೆದುಹೋಗಿತ್ತು. ಸ್ಪೀಕರಿಗೆ ಮಾಮೂಲಿ ಪಿನ್ ವೈರ್ ಚುಚ್ಚಿದೆ. ಮುಂದಿನ ಹಾಡಿಗೆ ಮಿಸ್ಸುಗಳು ಹೆಚ್ಚುಕಡಿಮೆ ನಿಂತೇ ಹೋದವು.

ಇನ್ನು ಟಿವಿ. ಈಗಿನ ಟಿವಿಗಳು ಬಂದ ಚಿತ್ರವನ್ನು ಬಂದ ಹಾಗೇ ತೋರಿಸುವುದಿಲ್ಲ. ಬಣ್ಣ ತಿದ್ದಿ, ಅಂಚು ತೀಡಿ, ಚಲನೆ ನಯ ಮಾಡಿ ಆಮೇಲೆ ತೋರಿಸುತ್ತವೆ. ಈ ಸಿಂಗಾರಕ್ಕೆ ಕೆಲವು ಟಿವಿಗಳಲ್ಲಿ 100 ಮಿಲಿಸೆಕೆಂಡ್‌ವರೆಗೂ ಹೋಗುತ್ತದೆ. ಸೆಟ್ಟಿಂಗ್‌ನಲ್ಲಿ ಗೇಮ್ ಮೋಡ್ ಅಂತ ಒಂದು ಇರುತ್ತದೆ, ಅದನ್ನು ಆನ್ ಮಾಡಿದರೆ ಈ ಕೆಲಸಗಳಲ್ಲಿ ಬಹುಪಾಲು ಬಂದ್ ಆಗುತ್ತವೆ. ಚಿತ್ರ ಸ್ವಲ್ಪ ಸಪ್ಪೆ ಕಾಣಬಹುದು, ಕಾಣಲಿ ಬಿಡಿ. ಗೇಮ್ ಮೋಡ್ ಇಲ್ಲದ ಹಳೇ ಟಿವಿಯಾದರೆ ಲ್ಯಾಪ್‌ಟಾಪಿನ ಪರದೆಯಲ್ಲೇ ಆಡಿ ಅನ್ನುತ್ತೇನೆ ನಾನು. ಸ್ಟೂಲಿನ ಮೇಲೆ ಕಣ್ಣಿನ ಮಟ್ಟಕ್ಕೆ ಇಟ್ಟರೆ ಆಯ್ತು.

ಇಷ್ಟೆಲ್ಲಾ ಮಾಡಿದ ಮೇಲೂ ಸ್ವಲ್ಪ ತಡ ಉಳಿದೇ ಉಳಿಯುತ್ತದೆ. ಗಾಳಿಯಲ್ಲಿ ಸದ್ದು ಮೂರು ಮೀಟರ್ ದಾಟಲೂ ಸುಮಾರು 9 ಮಿಲಿಸೆಕೆಂಡ್ ಬೇಕು, ಅಂದಮೇಲೆ ಸ್ಪೀಕರ್ ಎಲ್ಲಿದೆ ಅನ್ನೋದೂ ಲೆಕ್ಕಕ್ಕೆ ಬರುತ್ತದೆ. ಇದನ್ನು ಸರಿದೂಗಿಸೋಕೆ ಆಟದೊಳಗೆ ಆಫ್‌ಸೆಟ್ ಅಂತ ಒಂದು ಅಂಕಿ ಇದೆ. ಮಂಡಿಯಲ್ಲಿ ತಕ್ಕಡಿ ನೋಡಿದವರಿಗೆ ಪಾಸಂಗ ಗೊತ್ತಿರುತ್ತದೆ. ಖಾಲಿ ತಕ್ಕಡಿಯೇ ಒಂದು ಕಡೆ ವಾಲಿದ್ದರೆ, ತೂಕ ಮಾಡುವ ಮೊದಲು ಇನ್ನೊಂದು ತಟ್ಟೆಗೆ ಚೂರು ಕಲ್ಲೋ ಹುಣಸೆಬೀಜವೋ ಹಾಕಿ ಸಮ ಮಾಡುತ್ತಾರಲ್ಲ, ಅದು. ಆಫ್‌ಸೆಟ್ ಮಾಡುವುದೂ ಅದೇ ಕೆಲಸ. ನಿಮ್ಮ ಮನೆಯ ಟಿವಿ, ಸ್ಪೀಕರ್ ಎಷ್ಟು ವಾಲಿವೆಯೋ ಅಷ್ಟನ್ನು ಮೊದಲೇ ಕಳೆದುಬಿಡುವುದು.

ಆದರೆ ವಾಲಿದ್ದು ತಕ್ಕಡಿಯೋ, ತಪ್ಪಿದ್ದು ಕಾಲೋ ಅಂತ ಹೇಗೆ ಗೊತ್ತಾಗಬೇಕು? ನನಗೆ ಈ ಆಟದಲ್ಲಿ ತುಂಬಾ ಇಷ್ಟವಾದ ಭಾಗ ಇದೇ. ಐಟಿಜಿಮೇನಿಯಾದಲ್ಲಿ ಹಾಡು ಮುಗಿದ ಮೇಲೆ ಒಂದು ಚುಕ್ಕಿಗಳ ಚಿತ್ರ ಬರುತ್ತದೆ. ನೀವು ಇಟ್ಟ ಒಂದೊಂದು ಹೆಜ್ಜೆಗೆ ಒಂದೊಂದು ಚುಕ್ಕಿ. ನಡುವೆ ಒಂದು ಗೆರೆ, ಅದೇ ಸರಿಯಾದ ಕ್ಷಣ. ಚುಕ್ಕಿಗಳು ಗೆರೆಯ ಎರಡೂ ಕಡೆ ಚದುರಿದ್ದರೆ ಅದು ಕಾಲಿನದು, ಅಭ್ಯಾಸದಿಂದ ಸರಿಹೋಗುತ್ತದೆ. ಎಲ್ಲ ಚುಕ್ಕಿಗಳೂ ಒಂದೇ ಕಡೆ, ಒಂದೇ ದೂರದಲ್ಲಿ ಗುಂಪುಗಟ್ಟಿದ್ದರೆ ಅದು ಯಂತ್ರದ್ದು. ಎಷ್ಟೇ ತಾಳ ತಪ್ಪುವವರಾದರೂ ಇನ್ನೂರು ಹೆಜ್ಜೆಯನ್ನೂ ಅಷ್ಟೇ ಅಷ್ಟು ತಡವಾಗಿ ಇಡೋಕಾಗಲ್ಲ, ಯೋಚನೆ ಮಾಡಿ. ನಮ್ಮ ಹುಡುಗಿಯ ಚುಕ್ಕಿಗಳು ನಲವತ್ತು ಮಿಲಿಸೆಕೆಂಡಿನ ಆಸುಪಾಸು ಒಂದೇ ಕಡೆ ಸಾಲಾಗಿ ನಿಂತಿದ್ದವು. ಎಷ್ಟು ಬಿಗಿಯಾದ ಸಾಲು ಅಂದರೆ ನನಗೇ ಅಷ್ಟು ಬರಲ್ಲ. ಆಟ ನಡೆಯುತ್ತಿರುವಾಗ ಎಫ್6 ಕೀ ಒತ್ತುತ್ತಾ ಹೋದರೆ ಆಟೋಸಿಂಕ್ ಆಯ್ಕೆಗಳು ಬರುತ್ತವೆ. ಅದರಲ್ಲಿ ಮಷೀನ್ ಅನ್ನೋದನ್ನು ಇಟ್ಟುಕೊಂಡು, ನಿಧಾನದ, ಪೆಟ್ಟು ಸ್ಪಷ್ಟ ಇರುವ ಒಂದು ಹಾಡಿಗೆ ಬಾಣದ ಕಡೆ ಜಾಸ್ತಿ ಗಮನ ಕೊಡದೆ ಕಿವಿ ಹೇಳಿದ ಹಾಗೆ ತುಳಿದರೆ ಆಟವೇ ಆಫ್‌ಸೆಟ್ ಲೆಕ್ಕ ಹಾಕಿಕೊಳ್ಳುತ್ತದೆ. ಆಮೇಲೆ ಅದನ್ನು ಆಫ್ ಮಾಡಿ. ಟಿವಿ ಬದಲಾದರೆ, ಸ್ಪೀಕರ್ ಬದಲಾದರೆ ಮತ್ತೆ ಮಾಡಿ.

ಮೂರನೆಯದು ಪ್ಯಾಡ್. ಅವಳ ಬಾಕಿ ಮಿಸ್ಸುಗಳೆಲ್ಲ ಮೇಲಿನ ಬಾಣದಲ್ಲೇ ಇದ್ದವು. ಆ ಪ್ಯಾಡನ್ನು ನಾನು ಆನ್‌ಲೈನಿನಲ್ಲಿ ತರಿಸಿದ್ದು, ಪಾರ್ಸೆಲ್ಲಿನಲ್ಲಿ ಬಂದಾಗಲೇ ನಾಲ್ಕು ಮಡಿಕೆ ಮಾಡಿ ತುರುಕಿದ್ದರು, ನಾನೂ ವರ್ಷಾನುಗಟ್ಟಲೆ ಅದೇ ಮಡಿಕೆಯಲ್ಲೇ ಇಟ್ಟಿದ್ದೆ. ಪಕ್ಕದ ಜಿಪ್ ತೆಗೆದು ಒಳಗಿನದನ್ನು ಹೊರಗೆಳೆದೆವು. ಇಬ್ಬರೂ ನೆಲದ ಮೇಲೆ ಕೂತು ನೋಡಿದೆವು. ಮೂರು ಪದರ. ಕೆಳಗೊಂದು ತೆಳು ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಕರೆಂಟ್ ಹರಿಯುವ ಬೂದು ಬಣ್ಣದ ಪಟ್ಟೆ. ಮೇಲೊಂದು ಅಂಥದ್ದೇ ಹಾಳೆ. ಎರಡರ ನಡುವೆ ತೂತು ತೂತಾದ ಫೋಮ್. ತುಳಿದಾಗ ಫೋಮ್ ಅಮುಕಿ ಮೇಲಿನ ಹಾಳೆ ಕೆಳಗಿನದನ್ನು ತೂತಿನ ಮೂಲಕ ಮುಟ್ಟುತ್ತದೆ, ಕಾಲು ಎತ್ತಿದಾಗ ಫೋಮ್ ಉಬ್ಬಿ ಎರಡನ್ನೂ ಬೇರೆ ಮಾಡುತ್ತದೆ. ಇಷ್ಟೇ. ಬೆಲ್ ಸ್ವಿಚ್ಚಿನ ಹಾಗೆ. ಮೇಲಿನ ಬಾಣದ ಜಾಗದಲ್ಲಿ ಮಡಿಕೆಯ ಗೆರೆಗುಂಟ ಆ ಬೂದು ಪಟ್ಟೆ ಬಿರುಕು ಬಿಟ್ಟಿತ್ತು. ಬೆರಳಿಂದ ಮುಟ್ಟಿದರೆ ಪುಡಿ ಉದುರುತ್ತಿತ್ತು. ಗೆರೆಯ ಒಂದು ಬದಿ ತುಳಿದರೆ ಕೆಲಸ ಮಾಡುತ್ತದೆ, ಇನ್ನೊಂದು ಬದಿ ತುಳಿದರೆ ಇಲ್ಲ. ಅಂಟಿನಲ್ಲೂ ಕರೆಂಟ್ ಹರಿಯುವಂಥ ತಾಮ್ರದ ಟೇಪ್ ಸಿಗುತ್ತದೆ, ಅದನ್ನು ಬಿರುಕಿನ ಮೇಲೆ ಅಡ್ಡ ಹಚ್ಚಿದೆವು. ಅವಳೇ ಕತ್ತರಿಸಿ ಹಚ್ಚಿದ್ದು. ಈಗಲೂ ನಡೆಯುತ್ತಿದೆ. ಮೆತ್ತನೆ ಪ್ಯಾಡ್ ಇರುವವರಿಗೆ ಒಂದೇ ಮಾತು: ಚಾಪೆ ಹಾಗೆ ಸುರುಳಿ ಸುತ್ತಿಡಿ, ಮಡಚಬೇಡಿ.

ಇನ್ನೊಂದು ಕಾಟ ಇದೆ, ಇದು ಪ್ಯಾಡ್ ಕೆಟ್ಟಿಲ್ಲದಿದ್ದರೂ ಬರುತ್ತದೆ. ಎಡ ಬಲ ಎರಡೂ ಒಟ್ಟಿಗೆ ತುಳಿಯುವ ಜಂಪ್ ಬಂದಾಗ ಆಟಕ್ಕೆ ಏನೂ ಮುಟ್ಟುವುದಿಲ್ಲ. ಒಂದೊಂದೇ ತುಳಿದರೆ ಸರಿ ಇರುತ್ತದೆ. ಕಾರಣ ಏನೆಂದರೆ ಕೆಲವು ಪ್ಯಾಡುಗಳು ಕಂಪ್ಯೂಟರಿಗೆ ತಮ್ಮನ್ನು ಜಾಯ್‌ಸ್ಟಿಕ್ ಅಂತ ಪರಿಚಯ ಮಾಡಿಕೊಳ್ಳುತ್ತವೆ. ಜಾಯ್‌ಸ್ಟಿಕ್ಕಿನ ಕೋಲು ಒಂದೇ ಸಲ ಎಡಕ್ಕೂ ಬಲಕ್ಕೂ ಹೋಗೋಕೆ ಆಗಲ್ಲ, ಹಾಗಾಗಿ ಎರಡೂ ಒಂದನ್ನೊಂದು ಹೊಡೆದುಹಾಕಿ ನಡುವೆ ನಿಂತಿದೆ ಅಂತ ಕಂಪ್ಯೂಟರ್ ತಿಳಿಯುತ್ತದೆ. ಕೊಳ್ಳುವ ಮೊದಲೇ ಕೇಳಿ: ನಾಲ್ಕು ಬಾಣವೂ ಬೇರೆ ಬೇರೆ ಬಟನ್ ಆಗಿ ಹೋಗುತ್ತವಾ ಅಂತ. ಕೈಕೆಲಸ ಬರುವವರು ಪ್ಲೈವುಡ್ ಮೇಲೆ ಲೋಹದ ತಗಡು ಕೂರಿಸಿ, ಆರ್ಡುವಿನೋ ಲಿಯೊನಾರ್ಡೊ ಅನ್ನೋ ಸಣ್ಣ ಎಲೆಕ್ಟ್ರಾನಿಕ್ ಬೋರ್ಡ್ ಹಾಕಿ ತಾವೇ ಪ್ಯಾಡ್ ಮಾಡಿಕೊಳ್ಳುತ್ತಾರೆ. ಆ ಬೋರ್ಡ್ ಯುಎಸ್‌ಬಿಯಲ್ಲಿ ಕೀಬೋರ್ಡ್ ಥರ ನಡೆದುಕೊಳ್ಳುವುದರಿಂದ ಈ ಜಗಳವೇ ಬರುವುದಿಲ್ಲ.

ಇಷ್ಟಾದ ಮೇಲೆ ಕಾಲಿನ ಮಾತು. ಹೊಸಬರು ಎಲ್ಲರೂ ಮಾಡುವುದು ಒಂದೇ. ಬಾಣ ತುಳಿದು ಮತ್ತೆ ನಡುವಿನ ಖಾಲಿ ಜಾಗಕ್ಕೆ ಬಂದು ನಿಲ್ಲುವುದು. ಕುಂಟೆಬಿಲ್ಲೆ ಆಡಿದ ಅಭ್ಯಾಸವೋ ಏನೋ, ಮನೆಯಲ್ಲದ ಮನೆಯ ಮೇಲೆ ನಿಲ್ಲಬಾರದು ಅಂತ ಕಾಲಿಗೇ ಅನಿಸುತ್ತದೆ. ಇಲ್ಲಿ ಹಾಗಿಲ್ಲ. ಮಾಮೂಲಿ ಬಾಣಕ್ಕೆ ಆಟ ಲೆಕ್ಕ ಹಾಕುವುದು ಒತ್ತಿದ ಕ್ಷಣವನ್ನು ಮಾತ್ರ, ಅದರ ಮೇಲೆ ಎಷ್ಟು ಹೊತ್ತು ನಿಂತಿದ್ದರೂ ದಂಡ ಇಲ್ಲ. ನಡುವೆ ವಾಪಸ್ ಬರುವುದೆಂದರೆ ಒಂದು ಹೆಜ್ಜೆಗೆ ಎರಡು ಹೆಜ್ಜೆಯ ಕೆಲಸ. ಎಡಗಾಲು ಎಡ ಬಾಣದ ಮೇಲೆ, ಬಲಗಾಲು ಬಲ ಬಾಣದ ಮೇಲೆ, ಅದೇ ನಿಮ್ಮ ಜಾಗ. ಅಲ್ಲಿಂದಲೇ ಹೊರಡಿ.

ಎರಡನೆಯದು, ಕಾಲು ಬದಲಾಯಿಸುತ್ತಾ ಹೋಗುವುದು. ಎಡ, ಬಲ, ಎಡ, ಬಲ, ನಡೆಯುವ ಹಾಗೆ. ಒಂದೇ ಕಾಲಲ್ಲಿ ಎರಡು ಬೇರೆ ಬಾಣ ತುಳಿಯೋಕೆ ಹೋದರೆ ಮೈಭಾರ ಸಿಕ್ಕಿಹಾಕಿಕೊಳ್ಳುತ್ತದೆ. ಬಾಣ ಹೀಗೆ ಬಂತು ಅನ್ನಿ: ಎಡ, ಕೆಳಗೆ, ಬಲ, ಕೆಳಗೆ, ಎಡ. ಎಡಗಾಲಿಂದ ಎಡ ತುಳಿದಿರಿ, ಬಲಗಾಲು ಹಿಂದಕ್ಕೆ ಹೋಗಿ ಕೆಳಗಿನ ಬಾಣ ತುಳಿಯಿತು, ಈಗ ಬಲ ಬಾಣಕ್ಕೆ ಸರದಿ ಯಾರದ್ದು? ಎಡಗಾಲಿನದು. ಅದು ಬಲಗಾಲಿನ ಮುಂದಿನಿಂದ ದಾಟಿ ಬಲಕ್ಕೆ ಹೋಗಬೇಕು, ಸೊಂಟ ತಾನೇ ಬಲಕ್ಕೆ ತಿರುಗುತ್ತದೆ. ಆಮೇಲೆ ಬಲಗಾಲು ಇದ್ದಲ್ಲೇ ಮತ್ತೊಮ್ಮೆ ತುಳಿದು, ಎಡಗಾಲು ವಾಪಸ್ ಮನೆಗೆ. ಕ್ರಾಸ್‌ಓವರ್ ಅನ್ನುವುದು ಇದನ್ನೇ. ಮೊದಲ ಸಲ ಇದು ತಡವರಿಸದೆ ಬಂದ ದಿನ ನಾನು ಹಾಡನ್ನು ಅಲ್ಲೇ ನಿಲ್ಲಿಸಿ ಸುಮ್ನೆ ನಿಂತುಬಿಟ್ಟಿದ್ದೆ, ಅಷ್ಟು ಖುಷಿಯಾಗಿತ್ತು.

ಕಣ್ಣಿಗೂ ಒಂದು ಪಾಠ ಇದೆ. ಬಾಣಗಳ ಬಣ್ಣ ಚಂದಕ್ಕೆ ಮಾತ್ರ ಕೊಟ್ಟಿದ್ದಲ್ಲ. ಸಾಮಾನ್ಯವಾಗಿ ಕೆಂಪು ಬಾಣ ತಾಳದ ಪೆಟ್ಟಿನ ಮೇಲೆ, ನೀಲಿ ಎರಡು ಪೆಟ್ಟಿನ ಸರಿ ಮಧ್ಯಕ್ಕೆ. ಅದಕ್ಕಿಂತ ಸಣ್ಣ ಭಾಗಗಳಿಗೆ ಬೇರೆ ಬಣ್ಣ. ಸಂಗೀತದ ಕ್ಲಾಸಿಗೆ ಹೋದ ಮಕ್ಕಳಿಗೆ ಇದು ಬೇಗ ಹತ್ತುತ್ತದೆ. ಒಂದು ಪೆಟ್ಟಿಗೆ ಒಂದೇ ಹೆಜ್ಜೆ ಆದರೆ "ತ". ಎರಡಾದರೆ "ತಕ". ಮೂರಾದರೆ "ತಕಿಟ". ನಾಲ್ಕಾದರೆ "ತಕಧಿಮಿ". ಬಾಯಲ್ಲಿ ಹೇಳಿಕೊಂಡು ತುಳಿದರೆ ಕಾಲು ದಾರಿ ತಪ್ಪುವುದಿಲ್ಲ. ಹಾಡಿನ ವೇಗವನ್ನು ಬಿಪಿಎಂ ಅನ್ನುತ್ತಾರೆ, ನಿಮಿಷಕ್ಕೆ ಎಷ್ಟು ಪೆಟ್ಟು ಅಂತ. 120 ಬಿಪಿಎಂ ಅಂದರೆ ಅರ್ಧ ಸೆಕೆಂಡಿಗೊಂದು ಪೆಟ್ಟು. ಅದರಲ್ಲಿ ತಕಧಿಮಿ ತುಳಿಯಬೇಕೆಂದರೆ ಸೆಕೆಂಡಿಗೆ ಎಂಟು ಹೆಜ್ಜೆ.

ಬಾಣ ಓಡುವ ವೇಗ ಮಾತ್ರ ಬೇರೆ ವಿಷಯ. ಅದನ್ನು ಬದಲಾಯಿಸಿದರೆ ಹಾಡಿನ ವೇಗ ಬದಲಾಗಲ್ಲ. ಹೊಸಬರು ಭಯಪಟ್ಟು ಬಾಣ ನಿಧಾನ ಬರಲಿ ಅಂತ ಇಡುತ್ತಾರೆ, ಆಗ ಬಾಣಗಳೆಲ್ಲ ಸಂತೆಯ ಜನದ ಹಾಗೆ ಒತ್ತೊತ್ತಾಗಿ ಬರುತ್ತವೆ, ಯಾವುದು ಮೊದಲು ಯಾವುದು ಆಮೇಲೆ ಅಂತಲೇ ತಿಳಿಯುವುದಿಲ್ಲ. ಎರಡು ಪಟ್ಟು ವೇಗ ಮಾಡಿ ನೋಡಿ, ನಡುವಿನ ಅಂತರವೂ ಎರಡು ಪಟ್ಟಾಗುತ್ತದೆ. ಓದೋದು ಸುಲಭ.

ಮನೆಯ ನೆಲದ ಬಗ್ಗೆ ಹೇಳದೆ ಮುಗಿಸೋಕಾಗಲ್ಲ. ಟೈಲ್ಸ್ ಮೇಲೆ ಮೆತ್ತನೆ ಪ್ಯಾಡ್ ಜಾರುತ್ತದೆ. ಹತ್ತು ಹಾಡಿನಲ್ಲಿ ಒಂದು ಮೊಳ ಮುಂದೆ ಹೋಗಿರುತ್ತದೆ, ಕಾಲು ಅಳತೆ ತಪ್ಪುವುದು ಅದಕ್ಕೇ. ಜಮಖಾನ ಹಾಸಿದರೆ ಅದೂ ಜೊತೆಗೆ ಜಾರುತ್ತದೆ. ಒಂದಕ್ಕೊಂದು ಸಿಕ್ಕಿಸುವ ದಪ್ಪ ರಬ್ಬರ್ ಮ್ಯಾಟ್ ಹಾಸಿ ಅದರ ಮೇಲೆ ಪ್ಯಾಡ್ ಹಾಕಿ, ಅಂಚಿಗೆ ಟೇಪ್ ಹಚ್ಚಿ. ಸಾಕ್ಸ್ ಬೇಡ. ನಾವಿರುವುದು ಮೊದಲನೇ ಮಹಡಿ, ಕೆಳಗೆ ಮನೆಯ ಮಾಲೀಕರ ತಾಯಿ ಇರುತ್ತಾರೆ. ಮೊದಲ ದಿನ ಮಧ್ಯಾಹ್ನ ಮೆಟ್ಟಿಲ ಹತ್ತಿರ ನಿಂತು, "ಏನಪಾ ತಮ್ಮ, ಮೇಲೆ ಖಾರ ಕುಟ್ತೀರೇನು?" ಅಂತ ಕೇಳಿದರು. ಕೇಳಿದ್ದು ನ್ಯಾಯವೇ. ರಬ್ಬರ್ ಮ್ಯಾಟ್ ಸ್ವಲ್ಪ ಸದ್ದು ನುಂಗುತ್ತದೆ, ಆದರೆ ಅರ್ಧ ಸದ್ದು ಕಾಲನ್ನು ಎತ್ತರಕ್ಕೆ ಎತ್ತುವುದರಿಂದ ಬರೋದು. ಪಾದವನ್ನು ಎರಡು ಬೆರಳಷ್ಟೇ ಎತ್ತಿ, ಮೊಣಕಾಲು ಚೂರು ಬಾಗಿಸಿ, ಮುಂಗಾಲಿನಿಂದ ಒತ್ತಿದರೆ ಸಾಕು. ಸದ್ದು ಇಳಿದ ಹಾಗೇ ಗುರಿಯೂ ಕೂಡುತ್ತದೆ, ಎತ್ತರದಿಂದ ಬೀಳುವ ಕಾಲಿಗೆ ಇಳಿಯೋಕೇ ಜಾಸ್ತಿ ಹೊತ್ತು ಬೇಕಲ್ವಾ. ಅಜ್ಜಿ ಮಲಗುವ ಎರಡರಿಂದ ನಾಲ್ಕು ಗಂಟೆ ನಾವು ಆಡುವುದಿಲ್ಲ ಅಂತ ಮಾತಾಯಿತು.

ಆ ಎರಡು ಗಂಟೆಯಲ್ಲಿ ಅವಳು ಕಲಿತದ್ದು ಬೇರೆ. ಸ್ಟೆಪ್‌ಮೇನಿಯಾದ ಬಾಣಗಳ ಪಟ್ಟಿಗೆ ಚಾರ್ಟ್ ಅನ್ನುತ್ತಾರೆ, ಅದು ಬರೀ ಅಕ್ಷರ, ಅಂಕಿಗಳ ಫೈಲು, ನೋಟ್‌ಪ್ಯಾಡಿನಲ್ಲೇ ತೆರೆಯುತ್ತದೆ. 1000 ಅಂದರೆ ಎಡ. 0100 ಕೆಳಗೆ, 0010 ಮೇಲೆ, 0001 ಬಲ. 1001 ಬರೆದರೆ ಎಡ ಬಲ ಎರಡೂ ಸೇರಿ ಜಂಪ್. ಬಾಣದ ಮೇಲೆ ಕಾಲು ಇಟ್ಟೇ ಇರಬೇಕಾದರೆ ಶುರುವಿಗೆ 2, ಕೊನೆಗೆ 3. ನಾಲ್ಕು ಪೆಟ್ಟಿಗೆ ಒಂದು ಅಲ್ಪವಿರಾಮ. ಅಷ್ಟರೊಳಗೆ ನಾಲ್ಕು ಸಾಲಿದ್ದರೆ ಪೆಟ್ಟಿಗೊಂದು ಹೆಜ್ಜೆ, ಎಂಟು ಸಾಲಿದ್ದರೆ ತಕ, ಹನ್ನೆರಡಿದ್ದರೆ ತಕಿಟ, ಹದಿನಾರಿದ್ದರೆ ತಕಧಿಮಿ.

ಅವಳು ಮೊದಲು ಬರೆದದ್ದು ಕ್ರಾಸ್‌ಓವರ್. 1000, 0100, 0001, 0100, ಇದನ್ನೇ ಎಂಟು ಸಲ. 100 ಬಿಪಿಎಂನ ಒಂದು ತಮಟೆ ರೆಕಾರ್ಡಿಂಗ್ ಹಾಕಿಕೊಂಡು ನಾಲ್ಕು ಗಂಟೆ ಹೊಡೆಯುವುದನ್ನೇ ಕಾಯುತ್ತಾ ಕೂತಳು. ಆಡಿ ಮುಗಿಸಿ ಚುಕ್ಕಿಗಳ ಚಿತ್ರದ ಹತ್ತಿರ ಹೋಗಿ, ಮೂಗು ಟಿವಿಗೆ ತಾಗುವಷ್ಟು ಬಗ್ಗಿ ನೋಡಿದಳು. ಗೆರೆಯ ಎರಡೂ ಕಡೆ ಹರಡಿದ್ದವು.

"ಮಾಮಾ, ಈ ಸಲ ಕಾಲಿಂದೇ ತಪ್ಪು. ಇನ್ನೊಂದ್ಸಲ ಹಾಕು."